ಮುಖ ಒಂದು ಕಡೆ, ದನಿ ಒಂದು ಕಡೆ

ಲೋ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಒಂದು ಮಾತು ಎಸೆದು ಕಟ್ ಮಾಡಿಬಿಟ್ಟೆ. "ವಸುಂಧರಾ ದಾಸ್ ಹಾಡೋದೋ, ನಟಿಸೋದೋ, ಒಂದನ್ನೇ ಹಿಡಿದಿದ್ದರೆ ಎಲ್ಲೋ ಇರುತ್ತಿದ್ದಳು ಕಣೋ" ಅಂತ. ನಾನು ಬಸ್ಸಿನಲ್ಲಿದ್ದೆ, ಜಗಳ ಆಡೋಕೆ ಆಗಲಿಲ್ಲ. ಈಗ ಆಡುತ್ತೇನೆ, ಓದು.

ನಮಗೆ ಆಕೆ ಸಿಕ್ಕಿದ್ದು 'ಶಕಲಕ ಬೇಬಿ'ಯಿಂದ, ಅಲ್ವಾ? 1999ರ ತಮಿಳು 'ಮುದಲ್ವನ್', ರೆಹಮಾನ್ ಸಂಗೀತ. ಅರ್ಥವಾಗದಿದ್ದರೂ ನಿನ್ನ ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ತಪ್ಪುತಪ್ಪಾಗಿ ಬರೆದುಕೊಂಡು ಕಿರುಚುತ್ತಿದ್ದೆವು. ಪರದೆ ಮೇಲೆ ಕುಣಿದವಳು ಸುಶ್ಮಿತಾ ಸೇನ್. ಹಾಡಿದವಳು ನಮ್ಮ ಬೆಂಗಳೂರಿನ ಹುಡುಗಿ, ಮೌಂಟ್ ಕಾರ್ಮೆಲ್‌ನಲ್ಲಿ ಓದಿದವಳು ಅಂದಾಗ ನೀನು ನಂಬಲೇ ಇಲ್ಲ.

ಆಕೆ ಚಿಕ್ಕವಳಿದ್ದಾಗಿಂದ ಹಿಂದೂಸ್ತಾನಿ ಸಂಗೀತ ಕಲಿತವಳು. ಮೊದಲು ಅಜ್ಜಿ ಹತ್ತಿರ, ಮುಂದೆ ಪಂಡಿತ್ ಪರಮೇಶ್ವರ ಹೆಗಡೆ ಅವರ ಹತ್ತಿರವೂ. ಸಿನಿಮಾದವರಿಗೆ ಮಾತ್ರ ಕೇಳಿಸಿದ್ದು ಆ ದಪ್ಪ, ಸ್ವಲ್ಪ ಒರಟು ದನಿ. ಪಾರ್ಟಿ ಹಾಡಾ? ಕರೀರಿ ವಸುಂಧರಾನ. 2003ರಲ್ಲಿ 'ಇಟ್ಸ್ ದ ಟೈಮ್ ಟು ಡಿಸ್ಕೊ', 2006ರಲ್ಲಿ 'ವೇರ್ಸ್ ದ ಪಾರ್ಟಿ ಟುನೈಟ್'. ಕುಣಿಯೋಕೆ ಚೆನ್ನಾಗಿವೆ, ಅಷ್ಟೇ.

ನನ್ನ ಜಗಳ ಇರೋದು 2001ರ ಬಗ್ಗೆ. ಆ ವರ್ಷ 'ಲಗಾನ್' ಬಂತು. 'ಓ ರೀ ಛೋರಿ' ನೆನಪಿದೆಯಾ? ಉದಿತ್ ನಾರಾಯಣ್, ಅಲ್ಕಾ ಯಾಜ್ಞಿಕ್ ಹಳ್ಳಿಯ ಧಾಟಿಯಲ್ಲಿ ಹಾಡುತ್ತಿರುವಾಗ ನಡುವೆ ಎಲಿಜಬೆತ್ ಎಂಬ ಬ್ರಿಟಿಷ್ ಹೆಣ್ಣಿನ ಮನಸ್ಸು ಇಂಗ್ಲಿಷಿನಲ್ಲಿ ತೆರೆದುಕೊಳ್ಳುತ್ತದೆ. ಆ ದನಿ ವಸುಂಧರಾಳದ್ದು! ಕಥೆ ನಡೆಯುವ 1893ರ ಒಬ್ಬ ಮೇಮ್‌ಸಾಹೇಬಳ ಒಳಗನ್ನು ಬೆಂಗಳೂರಿನಲ್ಲಿ ರಾಗ ಕಲಿತವಳು ಹಾಡಿದ್ದಾಳೆ. ನನ್ನ ಕಿವಿಗೆ ಅಲ್ಲಿ ಸ್ವರವನ್ನು ತೂಗಾಡಿಸುವ ಒಂದು ಗಮಕವೂ ಸಿಗಲಿಲ್ಲ. ಕಲಿತದ್ದನ್ನು ಬಾಗಿಲಲ್ಲೇ ಚಪ್ಪಲಿ ಬಿಟ್ಟ ಹಾಗೆ ಬಿಟ್ಟು ಒಳಗೆ ಹೋಗಿದ್ದಾಳೆ. ಇದು ಹಾಡೋದಾ, ನಟಿಸೋದಾ? ನೀನೇ ಹೇಳು.

ಅದೇ ವರ್ಷ ಮೀರಾ ನಾಯರ್ ಅವರ 'ಮಾನ್ಸೂನ್ ವೆಡ್ಡಿಂಗ್' ವೆನಿಸ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಗೋಲ್ಡನ್ ಲಯನ್ ಗೆದ್ದಿತು. ದೆಹಲಿಯ ಪಂಜಾಬಿ ಮನೆಯ ಮದುಮಗಳು ಅದಿತಿ ಈಕೆಯೇ. ಒಂದು ಕಡೆ ಮುಖವಿಲ್ಲದ ದನಿ, ಇನ್ನೊಂದು ಕಡೆ ಹಾಡದ ಮುಖ. ಮದುವೆಯಾಗಬೇಕಾದ ಹುಡುಗನಿಗೆ ತನ್ನ ಹಳೆಯ ಸಂಬಂಧದ ನಿಜ ಹೇಳುವ ದೃಶ್ಯ ನೋಡು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅನ್ನೋದು ಹಾಡುವವರಿಗೇ ಗೊತ್ತಿರುತ್ತದೇನೋ.

ಅದಕ್ಕೂ ಮುಂಚೆ 2000ದಲ್ಲಿ ಕಮಲ್ ಹಾಸನ್ ಜೊತೆ 'ಹೇ ರಾಮ್'. ಆಮೇಲೆ ಅಜಿತ್ ಜೊತೆ ತಮಿಳು, ಮೋಹನ್‌ಲಾಲ್ ಜೊತೆ ಮಲಯಾಳಂ. ಕನ್ನಡದಲ್ಲಿ ದರ್ಶನ್ ಜೊತೆ 'ಲಂಕೇಶ್ ಪತ್ರಿಕೆ', 2003. ನಮ್ಮೂರಿನವಳನ್ನು ನಾವೇ ಕಡಿಮೆ ಬಳಸಿಕೊಂಡೆವು ಅಂತ ನನಗೆ ಹೊಟ್ಟೆಯುರಿ. ಇದರಲ್ಲಿ ಮಾತ್ರ ನಿನ್ನ ಪಕ್ಷ.

ಆಮೇಲೆ ಆಕೆ ಡ್ರಮ್ ಸರ್ಕಲ್ ಕಡೆ ಹೋದಳು. ಅದನ್ನು ನೀನು 'ಸುಮ್ನೆ ಟೈಂಪಾಸ್' ಅಂದೆ. ನಮ್ಮ ಆಫೀಸಿನಲ್ಲೂ ಒಮ್ಮೆ ಬೇರೆ ಯಾರೋ ಅಂಥದ್ದನ್ನು ನಡೆಸಿದ್ದರು. ಸುತ್ತ ಕುರ್ಚಿ, ಎಲ್ಲರ ಕೈಯಲ್ಲೂ ಒಂದೊಂದು ಡ್ರಮ್ಮು. ಕೇಳೋಕೆ ಅಂತ ಬಂದವರು ಯಾರೂ ಇಲ್ಲ, ಎಲ್ಲರೂ ಬಾರಿಸುವವರೇ. ನಾನು ತಾಳ ತಪ್ಪಿದೆ, ಪಕ್ಕದ ಅಕೌಂಟ್ಸ್ ಮೇಡಂ ನನಗಿಂತ ಜಾಸ್ತಿ ತಪ್ಪಿದರು. ಹತ್ತು ನಿಮಿಷದಲ್ಲಿ ಇಬ್ಬರೂ ಹೇಗೋ ದಾರಿಗೆ ಬಂದೆವು. ಸಾವಿರಾರು ಜನರ ಮುಂದೆ ಹಾಡಿದವಳಿಗೆ ಇದು ಯಾಕೆ ಇಷ್ಟವಾಯಿತು ಅಂತ ಅವತ್ತು ಸ್ವಲ್ಪ ಗೊತ್ತಾಯಿತು.

ಭಾನುವಾರ 'ಓ ರೀ ಛೋರಿ' ಕೇಳು. ಟಿವಿಯಲ್ಲಿ ಬೇಡ, ಹೆಡ್‌ಫೋನ್ ಹಾಕಿಕೊಂಡು. ಹಾಗೇ ಆ ಲೆಕ್ಕದ ನೋಟ್‌ಬುಕ್ ಅಟ್ಟದ ಮೇಲೆ ಇದ್ದರೆ ಕೊನೆಯ ಹಾಳೆಯ ಫೋಟೊ ಕಳಿಸು. ನಾವು ಏನೇನು ಬರೆದುಕೊಂಡಿದ್ದೆವೋ ನೋಡಬೇಕು.

ಇಂತಿ ನಿನ್ನ
ಜಗಳಗಂಟ