ಕಟ್ಟುಹಾವು ಕಚ್ಚಿದವರಿಗೆ ಎಲ್ಲಾ ಕೇಳಿಸುತ್ತಿರಬಹುದು

ಮಾನ್ಯರೇ,

ಹಾವು ಕಚ್ಚಿದರೆ ಊತ, ಉರಿ, ರಕ್ತ ಇರಲೇಬೇಕು ಅಂತ ತುಂಬಾ ಜನ ನಂಬಿದ್ದಾರೆ. ಕಟ್ಟುಹಾವಿನ ವಿಷಯದಲ್ಲಿ ಈ ನಂಬಿಕೆಯೇ ಜೀವ ತೆಗೆಯುತ್ತದೆ. ಅದು ರಾತ್ರಿ ಓಡಾಡುವ ಹಾವು, ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ನೋವು ತೀರಾ ಕಡಿಮೆ, ಹಲ್ಲಿನ ಗುರುತೂ ಎಷ್ಟೋ ಸಲ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಶುರುವಾದರೆ ಮನೆಯವರು ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟು ಸುಮ್ಮನಾಗುತ್ತಾರೆ. ಆಮೇಲೆ ರೆಪ್ಪೆ ಜೋತುಬೀಳುತ್ತದೆ, ಒಂದು ಎರಡಾಗಿ ಕಾಣುತ್ತದೆ, ಎಂಜಲು ನುಂಗಲೂ ಆಗುವುದಿಲ್ಲ, ಉಸಿರೂ ಸೋಲುತ್ತದೆ.

ವಿಷ ಜಾಸ್ತಿ ಏರಿದರೆ ಕಣ್ಣಪಾಪೆ ಬೆಳಕಿಗೆ ಕುಗ್ಗುವುದಿಲ್ಲ, ಚಿವುಟಿದರೂ ಮುಖ ಅಲುಗುವುದಿಲ್ಲ. ಮೆದುಳೇ ಸತ್ತಿದೆ ಅನ್ನಿಸಿಬಿಡುತ್ತದೆ. ಆದರೆ ಈ ವಿಷ ಹೊಡೆಯುವುದು ನರದ ತುದಿ ಸ್ನಾಯುವಿಗೆ ಸೇರುವ ಜಾಗವನ್ನು, ಮೆದುಳನ್ನಲ್ಲ. ಆ ಮನುಷ್ಯನಿಗೆ ಪೂರ್ತಿ ಎಚ್ಚರ ಇರಬಹುದು, ಮಂಚದ ಪಕ್ಕ ನಿಂತು ನಾವು ಆಡುವ ಮಾತೆಲ್ಲಾ ಕೇಳಿಸುತ್ತಿರಬಹುದು. ಎಂಥ ಸಂಕಟ ಅಲ್ವಾ? ಹೀಗಿದ್ದವರು ವೆಂಟಿಲೇಟರ್ ಮೇಲೆ ದಿನಗಟ್ಟಲೆ ಇದ್ದು ಚೇತರಿಸಿಕೊಂಡ ಕೇಸುಗಳನ್ನು ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ. ಪ್ರತಿವಿಷ ಬೇಗ ಕೊಡಬೇಕು, ನಿಜ. ಆದರೆ ಹಾಳಾದ ನರದ ತುದಿ ಮತ್ತೆ ಬೆಳೆಯುವ ತನಕ ಉಸಿರಾಡಿಸುವುದು ಯಂತ್ರವೇ.

2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತದ ವರದಿಯನ್ನು ಕಡ್ಡಾಯ ಮಾಡಿದ್ದು ಒಳ್ಳೆಯ ಕೆಲಸ. ಅಷ್ಟೇ ಸಾಲದು. ತಾಲ್ಲೂಕು ಆಸ್ಪತ್ರೆಗಳಲ್ಲಿ ವೆಂಟಿಲೇಟರ್ ಜೊತೆ ಅದನ್ನು ನಡೆಸಬಲ್ಲವರೂ ರಾತ್ರಿ ಹೊತ್ತು ಇರಲಿ. ಕಟ್ಟುಹಾವು ಕಚ್ಚಿದವರ ಕಣ್ಣಪಾಪೆ ಮಾತ್ರ ನೋಡಿ ಯಾರೂ ಕೈಬಿಡಬೇಡಿ.

– ಓದುಗರೊಬ್ಬರು, ಸಾಗರ