ಚಾನೆಲ್ ಬದಲಿಸಿದರೂ ಹೋಗದ ‘ಬ್ರೇಕಿಂಗ್ ನ್ಯೂಸ್’

ಮಾನ್ಯ ಸಂಪಾದಕರೆ,

ನಮ್ಮ ಮನೆಯ ಟಿವಿಯಲ್ಲಿ ಈಗ ಕ್ರಿಕೆಟ್ ಹಾಕಿದರೂ ‘ಬ್ರೇಕಿಂಗ್’ ಅಂತ ಕಾಣುತ್ತದೆ. ತಮಾಷೆ ಮಾಡುತ್ತಿಲ್ಲ. ಹಸಿರು ಮೈದಾನ ಪರದೆ ತುಂಬಾ ಬಂದಾಗ ಕೆಳಗಡೆ ಒಂದು ಮಂಕು ಪಟ್ಟಿ ಏಳುತ್ತದೆ. ಅದರಲ್ಲಿ ‘ಬ್ರೇ’ ಅಕ್ಷರವನ್ನು ಒತ್ತಿನ ಸಮೇತ ಓದಬಹುದು. ಬಲಗಡೆ ಮೇಲೆ ಸುದ್ದಿ ಚಾನೆಲ್ಲಿನ ಗುರುತು. ಕತ್ತಲೆ ದೃಶ್ಯ ಬಂದರೆ ಎರಡೂ ಮಾಯ.

ಟಿವಿ ತಂದಿದ್ದು 2021ರ ದೀಪಾವಳಿಗೆ. ಕೊಬ್ಬರಿ ಮಾರಿದ ದುಡ್ಡು ಕೈಯಲ್ಲಿತ್ತು. ನಮ್ಮವರು 1 ಲಕ್ಷ 40 ಸಾವಿರ ಕೊಟ್ಟು 55 ಇಂಚಿನ ಓಎಲ್‌ಇಡಿ ತಂದರು. ಅಂಗಡಿಯವರು ರಾತ್ರಿಯ ಆಕಾಶ ತೋರಿಸಿ, ‘ಕಪ್ಪು ಅಂದ್ರೆ ಇದು ಸಾರ್’ ಅಂದರು. ಎಲ್‌ಇಡಿ, ಓಎಲ್‌ಇಡಿ ಎರಡೂ ಒಂದೇ ಜಾತಿ, ‘ಓ’ ಸೇರಿದ್ದಕ್ಕೆ ರೇಟು ಜಾಸ್ತಿ ಅಂತ ನಾನು ತಿಳಿದಿದ್ದೆ.

ಮಾವನಿಗೆ 82 ವರ್ಷ. ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದ ಮೇಲೆ ಅವರ ಲೋಕ ಅಂದರೆ ಆ ಕುರ್ಚಿ ಮತ್ತು ಆ ಟಿವಿ. ಬೆಳಿಗ್ಗೆ ಆರಕ್ಕೆ ಶುರುವಾದರೆ ರಾತ್ರಿ ಹತ್ತು. ಊಟ, ನಿದ್ದೆ ಕಳೆದರೂ ದಿನಕ್ಕೆ ಹನ್ನೆರಡು ಗಂಟೆ, ಅಂದರೆ ವರ್ಷಕ್ಕೆ 4,380 ಗಂಟೆ. ಅದೂ ಒಂದೇ ಚಾನೆಲ್ಲು. 2024ರ ಜೂನ್ 4ರಂದು ಲೋಕಸಭೆ ಮತ ಎಣಿಕೆ ನಡೆದಾಗ ಪಕ್ಷಗಳ ಸೀಟಿನ ಡಬ್ಬಿಗಳು ಇಡೀ ದಿನ ಇದ್ದ ಜಾಗದಲ್ಲೇ ಇದ್ದವು. ಅಂಕಿ ಬದಲಾಯಿತು, ಡಬ್ಬಿ ಕದಲಲಿಲ್ಲ.

ಮಂಕು ಕಾಣಿಸಿದ ಮೇಲೆ ಮೆಕ್ಯಾನಿಕ್ ಕರೆಸಿದೆವು. ಪಾಪದ ಹುಡುಗ, ಚೆನ್ನಾಗಿ ಬಿಡಿಸಿ ಹೇಳಿದ. ಪೆನ್‌ಡ್ರೈವ್ ಚುಚ್ಚಿ ಪರದೆ ತುಂಬಾ ಬರೀ ಬೂದು ಬಣ್ಣ ಹಾಕಿದ, ಆಮೇಲೆ ಬರೀ ಕೆಂಪು. ಕೆಂಪಿನಲ್ಲಿ ನಮ್ಮ ಬಣ್ಣ ಪೂರ್ತಿ ಬಯಲಾಯಿತು! ಗುರುತು, ಪಟ್ಟಿ, ಗಡಿಯಾರದ ಚೌಕ, ಎಲ್ಲ ಅಚ್ಚೊತ್ತಿದ ಹಾಗೆ.

‘ಇದಕ್ಕೆ ಬರ್ನ್-ಇನ್ ಅಂತಾರೆ ಅಕ್ಕಾ. ಹೆಸರು ಹಾಗಿದೆ, ಆದ್ರೆ ಏನೂ ಸುಟ್ಟಿಲ್ಲ, ಸವೆದಿದೆ’ ಅಂದ. ಮಾಮೂಲಿ ಎಲ್‌ಇಡಿ ಟಿವಿಯಲ್ಲಿ ಹಿಂದೆ ದೀಪ ಇರುತ್ತದೆ, ಮುಂದಿನ ಪರದೆ ಆ ಬೆಳಕನ್ನು ಬೇಕಾದಲ್ಲಿ ತಡೆಯುತ್ತದೆ, ಬೇಕಾದಲ್ಲಿ ಹಾಯಲು ಬಿಡುತ್ತದೆ ಅಷ್ಟೆ. ಓಎಲ್‌ಇಡಿಯಲ್ಲಿ ಒಂದೊಂದು ಚುಕ್ಕೆಯೂ ತಾನೇ ದೀಪ. ಹೆಚ್ಚು ಉರಿದ ಚುಕ್ಕೆ ಬೇಗ ಮಂಕಾಗುತ್ತದೆ, ಪಕ್ಕದ್ದು ಹೊಸದಾಗೇ ಇರುತ್ತದೆ. ಚಪ್ಪಲಿಯ ಹಿಮ್ಮಡಿ ಒಂದೇ ಸವೆದ ಹಾಗೆ. ಹಿಂದಿನ ಡಬ್ಬಾ ಟಿವಿ, ಪ್ಲಾಸ್ಮಾ ಟಿವಿಗಳಿಗೂ ಈ ರೋಗ ಇತ್ತಂತೆ. ಕಂಪ್ಯೂಟರಿನ ಸ್ಕ್ರೀನ್‌ಸೇವರ್ ಬಂದಿದ್ದೂ ಈ ಕಾರಣಕ್ಕೇ.

ಆಮೇಲೆ ಕೇಳಿದ, ‘ರಾತ್ರಿ ಟಿವಿ ಹೇಗೆ ಆಫ್ ಮಾಡ್ತೀರಿ?’

‘ಗೋಡೆ ಸ್ವಿಚ್ಚಲ್ಲೇ. ಹಾಗೇ ಮಾಡ್ಬೇಕಲ್ವಾ?’

ಹುಡುಗ ತಲೆ ಚಚ್ಚಿಕೊಂಡ.

ಇಂಥ ಹಲವು ಟಿವಿಗಳು ಒಟ್ಟು ನಾಲ್ಕು ಗಂಟೆಯಷ್ಟು ಓಡಿದ ಮೇಲೆ ರಿಮೋಟಿನಲ್ಲಿ ಆಫ್ ಮಾಡಿದರೆ ಸುಮ್ಮನೆ ಮಲಗುವುದಿಲ್ಲ. ಒಳಗೊಳಗೇ ಕೆಲವು ನಿಮಿಷ ಚುಕ್ಕೆಗಳನ್ನು ಪರೀಕ್ಷೆ ಮಾಡಿ ಹೆಚ್ಚುಕಮ್ಮಿ ಸರಿದೂಗಿಸಿಕೊಳ್ಳುತ್ತವೆ. ಅದಕ್ಕೆ ಕರೆಂಟು ಬೇಕು. ನಾನೋ, ಗ್ಯಾಸ್ ಆಫ್ ಮಾಡಿದೆನಾ ಅಂತ ನೋಡುವಷ್ಟೇ ನಿಷ್ಠೆಯಿಂದ ಪ್ರತಿ ರಾತ್ರಿ ಆ ಸ್ವಿಚ್ ಆರಿಸಿದ್ದೇನೆ. ಕರೆಂಟು ಉಳಿಯಲಿ, ಸಿಡಿಲು ಬಡಿಯದಿರಲಿ ಅಂತ. ನಮ್ಮಮ್ಮ ಕಲಿಸಿದ ಬುದ್ಧಿ ಅದು. ಸಿಡಿಲಿನ ದಿನ ಈಗಲೂ ಆರಿಸಲೇಬೇಕು, ಬೇರೆ ಮಾತಿಲ್ಲ. ಆದರೆ ಮಿಕ್ಕ ದಿನ ಹಾಗೆ ಮಾಡಬಾರದು ಅಂತ ಮಾರಿದವರು ಒಂದು ಮಾತು ಹೇಳಲಿಲ್ಲ.

ರಿಮೋಟಿನಲ್ಲೇ ಆಫ್ ಮಾಡಿದ್ದರೆ ಇಷ್ಟು ನೋಡಿದರೂ ಗುರುತು ಬೀಳುತ್ತಿರಲಿಲ್ಲ ಅಂತ ನಾನು ವಾದಿಸುವುದಿಲ್ಲ. ಕೆನಡಾದ ಆರ್‌ಟಿಂಗ್ಸ್ ಎಂಬ ಸಂಸ್ಥೆ 2018ರಲ್ಲಿ ಆರು ಓಎಲ್‌ಇಡಿ ಟಿವಿಗಳನ್ನು ದಿನಕ್ಕೆ 20 ಗಂಟೆ ಓಡಿಸಿ ನೋಡಿದೆ. ಸಿಎನ್‌ಎನ್ ಸುದ್ದಿ ಹಾಕಿದ ಟಿವಿಯಲ್ಲಿ ಗುರುತು ಬಿದ್ದಿತ್ತು. ಮಗಳು ಮೊಬೈಲಲ್ಲಿ ಆ ಚಿತ್ರ ತೋರಿಸಿದಾಗ ನಮ್ಮನೆ ಟಿವಿಯ ನೆಂಟರನ್ನು ಕಂಡ ಹಾಗಾಯಿತು.

ಪ್ಯಾನಲ್ ಬದಲಿಸಲು 85 ಸಾವಿರ ಕೇಳಿದರು. ವಾರಂಟಿ ಕಾರ್ಡಿನಲ್ಲಿ ಇದಕ್ಕೆ ಹೊಣೆ ಇಲ್ಲ ಅಂತ ಇರುವೆ ಗಾತ್ರದ ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಮಾವ ಮಾತ್ರ ನಕ್ಕರು. ‘ನೋಡಮ್ಮಾ, ಇನ್ಮೇಲೆ ಕೇಬಲ್ ದುಡ್ಡು ಕಟ್ಟದಿದ್ರೂ ನ್ಯೂಸ್ ಬರುತ್ತೆ’ ಅಂದರು.

ನಾನು ಕೇಳುವುದು ದೊಡ್ಡದೇನಲ್ಲ. ಅಂಗಡಿಯವರು ದುಡ್ಡು ಎಣಿಸಿಕೊಳ್ಳುವ ಮೊದಲು ‘ಮನೇಲಿ ಯಾರು, ಏನು ನೋಡ್ತಾರೆ?’ ಅಂತ ಒಮ್ಮೆ ಕೇಳಲಿ. ದಿನವಿಡೀ ಸುದ್ದಿ ಅಂದರೆ ಮಾಮೂಲಿ ಎಲ್‌ಇಡಿ ತೋರಿಸಲಿ, ಅವರಿಗೂ ಅದೊಂದು ವ್ಯಾಪಾರವೇ. ಓಎಲ್‌ಇಡಿ ಕೊಟ್ಟರೆ ‘ರಿಮೋಟಿನಲ್ಲಿ ಆಫ್ ಮಾಡಿ, ಸಿಡಿಲಿನ ದಿನ ಬಿಟ್ಟು ಗೋಡೆ ಸ್ವಿಚ್ ಮುಟ್ಟಬೇಡಿ’ ಅಂತ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿ ಕೊಡಲಿ. ಸುದ್ದಿ ಚಾನೆಲ್ಲಿನವರು ಆ ಕೆಂಪು ಪಟ್ಟಿಯನ್ನು ಗಂಟೆಗೊಮ್ಮೆಯಾದರೂ ಮೇಲೆ ಕೆಳಗೆ ಸರಿಸಲಿ, ಗುರುತಿನ ಬೆಳಕು ತಗ್ಗಿಸಲಿ. ಅಷ್ಟಕ್ಕೂ ಮಧ್ಯಾಹ್ನ ಮೂರು ಗಂಟೆಗೆ ಬೆಳಗಿನ ಸುದ್ದಿಯೇ ‘ಬ್ರೇಕಿಂಗ್’ ಯಾಕೆ ಆಗಿರಬೇಕು?

ಅಟ್ಟದಲ್ಲಿದ್ದ ಹಳೇ ಎಲ್‌ಸಿಡಿ ಟಿವಿಯನ್ನು ಇಳಿಸಿ ಮಾವನ ಕೋಣೆಯಲ್ಲಿಟ್ಟಿದ್ದೇವೆ. ಅದರಲ್ಲೂ ದೀಪ ಹಿಂದೆಯೇ ಇರುವುದರಿಂದ ಈ ಕಾಟ ಅಷ್ಟಾಗಿ ಇಲ್ಲವಂತೆ. ಹಾಲ್‌ನ ಸ್ವಿಚ್ ಬೋರ್ಡಿನ ಮೇಲೆ ಮಗಳು ‘ಅಮ್ಮಾ, ಬೇಡ’ ಅಂತ ಬರೆದು ಅಂಟಿಸಿದ್ದಾಳೆ. ಆದರೂ ರಾತ್ರಿ ಮಲಗುವಾಗ ಕೈ ತಾನಾಗೇ ಅಲ್ಲಿಗೆ ಹೋಗುತ್ತದೆ.

– ನಿಮ್ಮ ಓದುಗರೊಬ್ಬರು, ತಿಪಟೂರು