ಕ್ಯೂ ಹಿಡಿದು ಬಗ್ಗುವ ಮೊದಲು

ಚಿರಂಜೀವಿ ಅಳಿಯನಿಗೆ ಅಮ್ಮತ್ತಿಯಿಂದ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಮಳೆ ಬಿಟ್ಟಿಲ್ಲ, ತೋಟದ ಕೆಲಸ ನಿಂತಿದೆ. ಹಾಗಾಗಿ ನೀನು ಫೋನಿನಲ್ಲಿ ಕೇಳಿದ್ದಕ್ಕೆ ಕೂತು ಬರೆಯಲು ಪುರುಸೊತ್ತು ಸಿಕ್ಕಿತು.

"ಮಾವ, ಪೂಲ್ ಆಟದಲ್ಲಿ ಕಷ್ಟದ ಚೆಂಡೆಲ್ಲ ಪಾಕೆಟ್‌ಗೆ ಪಾಟ್ ಆಗುತ್ತೆ, ಆದ್ರೂ ಗೇಮ್ ಸೋಲ್ತೀನಿ, ಯಾಕೆ?" ಅಂತ ಕೇಳಿದೆ. ಗೋಣಿಕೊಪ್ಪದ ಪಾರ್ಲರಿನಲ್ಲಿ ನಿನ್ನ ಆಟ ನೋಡಿದ್ದೇನಲ್ಲ, ನನಗೆ ಕಾಣುವ ಕಾರಣ ಒಂದೇ. ನೀನು ಬಗ್ಗಿದ ಮೇಲೆ ಯೋಚಿಸುತ್ತೀಯ. ಗದ್ದ ಕ್ಯೂ ಕೋಲಿನ ಹತ್ತಿರ ಬಂದಿರುತ್ತದೆ, ಆಗಲೂ ಮೆಲ್ಲಗೆ ಹೊಡೆಯಲಾ, ಜೋರಾಗಿ ಹೊಡೆಯಲಾ ಅನ್ನುವ ಲೆಕ್ಕ ಮುಗಿದಿರುವುದಿಲ್ಲ. ಅಷ್ಟರಲ್ಲಿ ಕೈ ಹೊಡೆದೇಬಿಡುತ್ತದೆ.

ಯೋಚನೆಯೆಲ್ಲ ನಿಂತಿರುವಾಗಲೇ ಮುಗಿಯಬೇಕು. ಯಾವ ಚೆಂಡು, ಯಾವ ಪಾಕೆಟ್, ವೈಟ್ (ನಾವು ಕ್ಯೂನಿಂದ ಹೊಡೆಯುವ ಬಿಳಿ ಚೆಂಡು) ಎಲ್ಲಿ ನಿಲ್ಲಬೇಕು, ಅದಕ್ಕೆ ಎಷ್ಟು ಬಲ. ವೈಟ್ ಹಿಂದೆ ನಿಂತು ಗೆರೆ ನೋಡು. ಆ ಗೆರೆಯ ಮೇಲೇ ಕಾಲಿಟ್ಟು ಬಗ್ಗು. ಆಮೇಲೆ ಹೊಡೆಯುವುದೊಂದೇ ಕೆಲಸ. ಅನುಮಾನ ಬಂತಾ? ಎದ್ದು ನಿಲ್ಲು, ಮೊದಲಿಂದ ಶುರು ಮಾಡು. ಗೆಳೆಯರು ನಕ್ಕರೆ ನಗಲಿ.

ಆ ನಾಲ್ಕು ಯೋಚನೆಗಳಲ್ಲಿ ನೀನು ಯಾವಾಗಲೂ ಬಿಡುವುದು ಮೂರನೆಯದನ್ನು, ವೈಟ್ ಎಲ್ಲಿ ನಿಲ್ಲಬೇಕು ಅನ್ನುವುದನ್ನು. ಪಾಟ್ ಬಿದ್ದ ಖುಷಿಯಲ್ಲಿ ವೈಟ್ ಎತ್ತ ಹೋಯಿತು ಅಂತ ನೀನು ನೋಡುವುದೇ ಇಲ್ಲ. ಸೋಲುವುದು ಅಲ್ಲೇ. ಬೆಂಗಳೂರಿನ ಪಂಕಜ್ ಅಡ್ವಾಣಿ 2006 ಮತ್ತು 2010ರ ಏಷ್ಯನ್ ಗೇಮ್ಸ್‌ನಲ್ಲಿ ಬಿಲಿಯರ್ಡ್ಸ್ ಚಿನ್ನ ಗೆದ್ದವರು. ಆ ಆಟದಲ್ಲಿ ಟೇಬಲ್ ಮೇಲಿರುವುದು ಮೂರೇ ಚೆಂಡು. ತನ್ನ ಚೆಂಡು ಹತೋಟಿಯಲ್ಲಿ ಇಲ್ಲದಿದ್ದರೆ ಸ್ಕೋರ್ ಏರುವುದೇ ಇಲ್ಲ. ಅವರ ವಿಡಿಯೋ ನೋಡುವಾಗ ಪಾಟ್ ನೋಡಬೇಡ. ಪ್ರತಿ ಹೊಡೆತ ಮುಗಿದ ಮೇಲೆ ಅವರ ಚೆಂಡು ಎಲ್ಲಿ ನಿಂತಿದೆ ಅಂತ ನೋಡು.

ವೈಟ್ ಹೋಗುವ ದಾರಿಗೂ ಅದೃಷ್ಟಕ್ಕೂ ಸಂಬಂಧವಿಲ್ಲ. ಉರುಳದೆ ಜಾರುತ್ತಾ ಹೋದ ವೈಟ್ ಬಣ್ಣದ ಚೆಂಡಿಗೆ ನೇರ ಬಡಿದರೆ ಅಲ್ಲೇ ನಿಲ್ಲುತ್ತದೆ, ಅದರ ಓಟವೆಲ್ಲ ಆ ಚೆಂಡಿಗೆ ಹೋಗುತ್ತದೆ. ಹಾಗೇ ಜಾರುತ್ತಾ ಹೋಗಿ ಓರೆಯಾಗಿ ಬಡಿದರೆ, ಬಣ್ಣದ ಚೆಂಡಿನ ದಾರಿಗೆ 90 ಡಿಗ್ರಿಯಲ್ಲಿ ಹೊರಡುತ್ತದೆ. ಉರುಳುತ್ತಾ ಬಂದ ವೈಟ್ ಬೇರೆ. ಹಿಂದಿನಿಂದ ನೋಡಿದಾಗ ಬಣ್ಣದ ಚೆಂಡಿನ ಅರ್ಧ ಮುಚ್ಚುವ ಹಾಗೆ ತಗುಲಿದರೆ ತಾನು ಬರುತ್ತಿದ್ದ ದಾರಿಯಿಂದ ಸುಮಾರು 30 ಡಿಗ್ರಿ ತಿರುಗುತ್ತದೆ. ಸ್ವಲ್ಪ ಹೆಚ್ಚು ಕಡಿಮೆ ತಗುಲಿದರೂ ಆ ಕೋನ ಜಾಸ್ತಿ ಬದಲಾಗುವುದಿಲ್ಲ. ಈ ಎರಡು ದಾರಿ ನಿನ್ನ ಕಣ್ಣಿಗೆ ಹೊಡೆಯುವ ಮೊದಲೇ ಕಾಣಬೇಕು.

ದೂರದ ಚೆಂಡಿಗೆ ಸ್ಟಾಪ್ (ವೈಟ್ ಬಡಿದಲ್ಲೇ ನಿಲ್ಲುವ ಹೊಡೆತ) ಹೊಡೆದಾಗ ವೈಟ್ ಮುಂದೆ ಹೋಗಿಬಿಡುತ್ತದೆ ಅಂದಿದ್ದೆಯಲ್ಲ, ಅದಕ್ಕೆ ಕಾರಣ ಟೇಬಲ್ಲಿನ ಬಟ್ಟೆ. ಜಾರುವ ಚೆಂಡನ್ನು ಬಟ್ಟೆ ಹಿಡಿದು ದಾರಿಯಲ್ಲೇ ಉರುಳುವ ಹಾಗೆ ಮಾಡುತ್ತದೆ. ದೂರ ಹೆಚ್ಚಿದಷ್ಟೂ ವೈಟಿನ ನಡುವಿಗಿಂತ ಇನ್ನಷ್ಟು ಕೆಳಗೆ ಹೊಡೆಯಬೇಕು, ಇಲ್ಲವೇ ಇನ್ನೂ ಜೋರಾಗಿ. ಒಂದು ಅಡಿ ದೂರದಿಂದ ಶುರು ಮಾಡು. ವೈಟ್ ಬಡಿದಲ್ಲೇ ನಿಂತರೆ ಎರಡು ಅಡಿ, ಆಮೇಲೆ ಮೂರು. ಒಬ್ಬನೇ ಹೋಗಿ ದಿನಾ ಅರ್ಧ ಗಂಟೆ ಇದನ್ನು ಮಾಡು. ಸೋತವನು ಟೇಬಲ್ ಬಾಡಿಗೆ ಕೊಡುವ ಆಟದಲ್ಲಿ ಇದನ್ನು ಕಲಿಯಲು ಆಗುವುದಿಲ್ಲ. ಅಲ್ಲಿ ದುಡ್ಡು ಉಳಿಸುವ ಹೊಡೆತವನ್ನೇ ಕೈ ಹುಡುಕುತ್ತದೆ. ಆ ಆಟವನ್ನು ಸ್ವಲ್ಪ ಕಡಿಮೆ ಮಾಡು ಅಂತ ನನ್ನ ಕೋರಿಕೆ.

ಸೈಡ್ ಸದ್ಯಕ್ಕೆ ಬೇಡ. ವೈಟಿನ ಎಡಕ್ಕೋ ಬಲಕ್ಕೋ ಹೊಡೆದರೆ ಅದು ಕ್ಯೂ ತೋರಿಸಿದ ಗೆರೆಯಿಂದಲೇ ಸ್ವಲ್ಪ ಸರಿಯುತ್ತದೆ. ನಡುಗೆರೆಯಲ್ಲೇ ಮೇಲೆ, ನಡುವೆ, ಕೆಳಗೆ ಹೊಡೆದು ಎಷ್ಟು ಆಟ ಆಡಬಹುದು ಅಂತ ಮೊದಲು ನೋಡು. ನಿನಗೇ ಆಶ್ಚರ್ಯ ಆಗುತ್ತದೆ.

ಇನ್ನು ತಲೆ. ಹೊಡೆದ ತಕ್ಷಣ ಚೆಂಡು ಬಿತ್ತಾ ಅಂತ ನೀನು ಎದ್ದುಬಿಡುತ್ತೀಯ. ನಮ್ಮ ಕೈಲ್ ಪೊಳ್ದು ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಡುವಾಗ ಟ್ರಿಗರ್ ಒತ್ತಿದ ಮೇಲೂ ಕೆನ್ನೆ ಕೋವಿಯಿಂದ ಎತ್ತಬಾರದು ಅಂತ ಅಜ್ಜ ಹೇಳುತ್ತಿದ್ದರಲ್ಲ, ಇಲ್ಲೂ ಅದೇ. ಬಣ್ಣದ ಚೆಂಡು ಪಾಕೆಟ್ ಸೇರುವವರೆಗೂ ಬಗ್ಗಿಯೇ ಇರು. ಕ್ಯೂವನ್ನು ಬಿಗಿಯಾಗಿ ಹಿಡಿಯಬೇಡ, ಕೈಯಲ್ಲಿ ಸುಮ್ನೆ ಕೂತಿರಲಿ.

ಎಂಟರ ಆಟದಲ್ಲಿ, ಅಂದರೆ ತನ್ನ ಗುಂಪಿನ ಚೆಂಡು ಮುಗಿಸಿ ಕೊನೆಗೆ ಎಂಟನೇ ನಂಬರಿನ ಬ್ಲ್ಯಾಕ್ ಹಾಕುವ ಪೂಲ್‌ನಲ್ಲಿ, ಬ್ರೇಕ್ (ಮೊದಲ ಹೊಡೆತ) ಆದ ಮೇಲೆ ಸುಲಭದ ಪಾಟ್ ಎಷ್ಟಿವೆ ಅಂತ ಎಣಿಸುವ ಬದಲು ತೊಂದರೆ ಎಷ್ಟಿದೆ ಅಂತ ಎಣಿಸು. ಯಾವ ಗುಂಪಿನ ಚೆಂಡುಗಳು ಕುಶನ್‌ಗೆ (ಟೇಬಲ್ಲಿನ ರಬ್ಬರ್ ಅಂಚಿಗೆ) ಅಂಟಿಲ್ಲ, ಒಂದಕ್ಕೊಂದು ತಾಗಿಲ್ಲ, ಅದೇ ನಿನ್ನ ಗುಂಪು. ಆಮೇಲೆ ಬ್ಲ್ಯಾಕ್‌ನಿಂದ ಹಿಂದಕ್ಕೆ ಲೆಕ್ಕ ಹಾಕು. ಬ್ಲ್ಯಾಕ್ ಯಾವ ಪಾಕೆಟ್‌ಗೆ, ಅದಕ್ಕೆ ವೈಟ್ ಎಲ್ಲಿರಬೇಕು, ಅಲ್ಲಿಗೆ ಬರಲು ಕೊನೆಗೆ ಯಾವ ಚೆಂಡು ಉಳಿಯಬೇಕು. ಆ ಚೆಂಡು ಎಷ್ಟೇ ಸುಲಭವಾಗಿ ಕಂಡರೂ ಕೊನೆಯವರೆಗೆ ಮುಟ್ಟಬೇಡ. ಅಂಟಿಕೊಂಡ ಚೆಂಡುಗಳನ್ನು ಬೇಗ ಬಿಡಿಸು.

ನಮ್ಮ ಕೊಡಗಿನ ಮಳೆಗಾಲವನ್ನೂ ಮರೆಯಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟೇಬಲ್ ಬಟ್ಟೆ ತೇವ ಹಿಡಿಯುತ್ತದೆ, ಚೆಂಡು ಬೇಗ ನಿಲ್ಲುತ್ತದೆ. ಬೇಸಿಗೆಯಲ್ಲಿ ಕಲಿತ ಬಲ ಆಗ ಸಾಲದು. ಆಟಕ್ಕೆ ಮೊದಲು ವೈಟನ್ನು ಉದ್ದಕ್ಕೆ ಉರುಳಿಸಿ, ಕುಶನ್‌ಗೆ ಬಡಿದು ಎಲ್ಲಿಗೆ ವಾಪಸ್ ಬರುತ್ತದೆ ನೋಡಿಕೋ. ಚೆಂಡುಗಳನ್ನು ಒರೆಸು. ಚಾಕ್ ಪುಡಿ ಮೆತ್ತಿದ ಜಾಗದಲ್ಲಿ ಎರಡು ಚೆಂಡು ಬಡಿದರೆ ದಾರಿ ತಪ್ಪುತ್ತವೆ. ಕ್ಯೂವನ್ನು ಗೋಡೆಗೆ ಒರಗಿಸಿ ಇಡಬೇಡ, ಬಾಗುತ್ತದೆ. ಒಣಗಿದ ಬಟ್ಟೆಯಲ್ಲಿ ಒರೆಸಿ ಚೀಲದಲ್ಲಿಡು. ಒಲೆಯ ಹತ್ತಿರವೂ ಬೇಡ.

ನಿಮ್ಮ ಭಾಗದ ಯಾವುದಾದರೂ ಪ್ಲಾಂಟರ್ ಕ್ಲಬ್ಬಿನಲ್ಲಿ 12 ಅಡಿಯ ಸ್ನೂಕರ್ ಟೇಬಲ್ ಸಿಕ್ಕರೆ ಆಗಾಗ ಆಡು. ಪೂಲ್ ಚೆಂಡು 57 ಮಿಲಿಮೀಟರ್, ಅಲ್ಲಿನ ಚೆಂಡು 52.5. ಪಾಕೆಟ್ ಕೂಡ ಬಿಗಿ. 1875ರಲ್ಲಿ ಜಬಲ್ಪುರದಲ್ಲಿ ಹುಟ್ಟಿ, ಪಕ್ಕದ ನೀಲಗಿರಿಯ ಊಟಿ ಕ್ಲಬ್ಬಿನಲ್ಲಿ ನಿಯಮ ಪಡೆದ ಆಟ ಅದು, ನಮಗೆ ದೂರದ್ದೇನಲ್ಲ. ಅಲ್ಲಿ ಆಡಿ ಬಂದರೆ ಪೂಲ್ ಪಾಕೆಟ್ ದೊಡ್ಡದಾಗಿ ಕಾಣುತ್ತದೆ.

ಮುಂದಿನ ವಾರ ಬ್ಯಾಂಕ್ ಕೆಲಸಕ್ಕೆ ಗೋಣಿಕೊಪ್ಪಕ್ಕೆ ಬರುವುದಿದೆ. ಪಾರ್ಲರ್ ತೆಗೆಯುವ ಹೊತ್ತಿಗೆ ಬಂದಿರು. ಟೇಬಲ್ ಮೇಲೆ ಮೂರು ಚೆಂಡು ಚೆಲ್ಲುತ್ತೇನೆ. ಯಾವುದು ಮೊದಲು, ಯಾವುದು ಕೊನೆ, ವೈಟ್ ಎಲ್ಲೆಲ್ಲಿ ನಿಲ್ಲುತ್ತದೆ ಅಂತ ಹೇಳಿ ಆಮೇಲೆ ಹೊಡೆಯಬೇಕು. ಮೂರು ಸರಿಯಾದರೆ ನಾಲ್ಕು.

ಅಕ್ಕನಿಗೂ ಭಾವನಿಗೂ ನನ್ನ ನಮಸ್ಕಾರ ತಿಳಿಸು.

ನಿನ್ನ ಮಾವ